ಹದಿನೇಳನೇ ನಂಬರ್ ಬಸ್ಸಿನ ಫೋಟೋ

ವೀಲ್ ಸ್ಪ್ಯಾನರ್ ನನ್ನ ಕಿವಿಯ ಪಕ್ಕದಲ್ಲೇ ಹಾರಿಹೋಯಿತು!

ಹಿಂದಿನ ಕಬ್ಬಿಣದ ರ್‍ಯಾಕಿಗೆ ಬಡಿದು ಠಣ್ ಎಂದಿತು. ಮೂರು ಬೇರಿಂಗ್‌ಗಳು ಉರುಳಿ ನೆಲಕ್ಕೆ ಬಿದ್ದವು.

"ಏ ಅಜ್ಜಿ! ಕೈಲಿರೋದನ್ನ ಕೆಳಗಿಡು!"

ಬಾಗಿಲ ತುಂಬ ನಿಂತಿದ್ದವನು ವರ್ಕ್‌ಶಾಪ್ ಫೋರ್‌ಮನ್ ಕಡೆಯ ಆಳು. ಡಿಪೋದವರು ಅವನನ್ನು ಗೂಳಿ ಎನ್ನುತ್ತಿದ್ದರು. ಸುಮ್ಮಸುಮ್ಮನೆ ಎನ್ನುತ್ತಿರಲಿಲ್ಲ.

ನನ್ನ ಕೈಯಲ್ಲಿದ್ದದ್ದು ಒಂದು ಹಾರ್ಡ್ ಡಿಸ್ಕ್. ಅಂಗೈ ಅಗಲದ ಲೋಹದ ಡಬ್ಬಿ. ಆಗಷ್ಟೇ ಅದನ್ನು ಬಸ್ ಡಿಪೋದ ಸ್ಟೋರ್ ಕಂಪ್ಯೂಟರಿನ ಹೊಟ್ಟೆಯಿಂದ ಬಿಚ್ಚಿ ತೆಗೆದಿದ್ದೆ. ಇನ್ನೂ ಬೆಚ್ಚಗಿತ್ತು.

ನನಗೆ ಅರವತ್ತೊಂದು. ಎಡಗಾಲಿನ ಮಂಡಿ ನನ್ನ ಮಾತು ಕೇಳುವುದನ್ನು ಬಿಟ್ಟು ಮೂರು ವರ್ಷವಾಯಿತು. ಓಡುವ ಮಾತೇ ಇಲ್ಲ.

"ಇಡ್ತೀನಿ ಕಣಪ್ಪ. ಆದ್ರೆ ನಿಧಾನಕ್ಕೆ ಇಡ್ಬೇಕು. ಬಿದ್ರೆ ಕೆಟ್ಟುಹೋಗುತ್ತೆ."

"ಕೆಡ್ಲಿ ಅಂತಾನೇ ಬಂದಿರೋದು!"

ಒಂದು ಹೆಜ್ಜೆ ಮುಂದಿಟ್ಟ. ಎರಡನೇ ಹೆಜ್ಜೆ...

ಎರಡನೇ ಹೆಜ್ಜೆ ನೆಲಕ್ಕೆ ತಾಗಲೇ ಇಲ್ಲ! ಎರಡೂ ಕಾಲು ಮೇಲೆ ಹೋದವು. ಧಡ್!

ಸೋಪಿನ ನೀರು.

ಮೂಲೆಯಲ್ಲಿ ನೆಲ ಒರೆಸುವ ಕೋಲು ಹಿಡಿದು ನಿಂತಿದ್ದ ಆಯಾ ಗಂಟಲು ಹರಿಯುವಂತೆ ಕೂಗಿದಳು. "ನೆಲ ಒದ್ದೆ ಇದೆ, ನೆಲ ಒದ್ದೆ ಇದೆ ಅಂತ ದಿನಾ ಬಡ್ಕೋತೀನಿ! ಯಾರಾದ್ರೂ ಕೇಳ್ತಾರಾ?"

 ಕೂಗುತ್ತಲೇ ಬಕೆಟ್ಟೊಂದನ್ನು ಕೋಲಿನಿಂದ ನನ್ನ ಕಡೆ ಸರಿಸಿದಳು.

ನಾನು ಆಕೆಯ ಬಕೆಟ್‌ಗಳ ಪಕ್ಕ ಒಂದು ಕ್ಷಣ ಬಗ್ಗಿದೆ. ಮಂಡಿನೋವು ಎಂದುಕೊಳ್ಳಿ. ಆಮೇಲೆ ಗೂಳಿಯ ಕಾಲು ದಾಟಿಕೊಂಡು ಹೊರಬಿದ್ದೆ.

ಈ ರಗಳೆ ಶುರುವಾದದ್ದು ಹಿಂದಿನ ಸಂಜೆ.

ನನ್ನ ಕಸುಬು ಹೇಳಿಬಿಡುತ್ತೇನೆ. ಕಂಪ್ಯೂಟರಿನಿಂದ ಅಳಿಸಿಹೋದ ಫೋಟೋಗಳನ್ನು ಮರಳಿ ಎತ್ತಿ ಕೊಡುವುದು. ದರ್ಜಿ ಅಂಗಡಿಯ ಮೇಲೆ ಒಂದು ಕೋಣೆ, ಒಂದು ಮೇಜು, ಎರಡು ಸ್ಕ್ರೀನು. ಒಮ್ಮೊಮ್ಮೆ ಸುಳ್ಳು ಕಾಗದ ಪತ್ತೆಮಾಡಿಸಲು ಪೊಲೀಸರು ಬರುತ್ತಾರೆ, ಹೆಚ್ಚಾಗಿ ಜನ ಬರುತ್ತಾರೆ. ಮದುವೆ ಹೋಯಿತು ಎನ್ನುತ್ತಾರೆ, ಮಗುವಿನ ಮೊದಲ ಹೆಜ್ಜೆ ಹೋಯಿತು ಎನ್ನುತ್ತಾರೆ. ನಾನು ಹುಡುಕಿ ಕೊಡುತ್ತೇನೆ. ಅವರು ಅಳುತ್ತಾರೆ, ನಗುತ್ತಾರೆ, ಮೆಟ್ಟಿಲಿಳಿದು ಹೋಗುತ್ತಾರೆ. ನನ್ನಲ್ಲಿ ಉಳಿದ ಕಾಪಿಯನ್ನು ನಾನೇ ಅಳಿಸುತ್ತೇನೆ. ಅದು ನಿಯಮ. ಪರರ ಮಕ್ಕಳ ನಗುವನ್ನು ಇಟ್ಟುಕೊಂಡು ನಾನೇನು ಮಾಡಲಿ?

ಅವರೆಲ್ಲ ಹೋದ ಮೇಲೆ ಕೋಣೆಯಲ್ಲಿ ಫ್ಯಾನಿನ ಸದ್ದು. ಕೆಳಗೆ ದರ್ಜಿಯ ಮೆಷಿನ್ನಿನ ಸದ್ದು. ನನ್ನ ಫೋನ್ ಬಂದರೆ ಅವನು ಮೆಷಿನ್ ನಿಲ್ಲಿಸುತ್ತಾನೆ, ನನಗೆ ಕೇಳಲಿ ಎಂದು. ಹನ್ನೊಂದು ವರ್ಷದಿಂದ. ಹಾಗೆ ಮಾಡು ಎಂದು ನಾನೆಂದೂ ಹೇಳಿದ್ದಿಲ್ಲ. ಆದರೆ ಫೋನ್ ಬರುವುದೇ ಅಪರೂಪ.

ಆ ಸಂಜೆ ಆಯಾ ಬಂದಳು. ಬಸ್ ಡಿಪೋದಲ್ಲಿ ಕಸ ಗುಡಿಸುವವಳು. ಐವತ್ತು ದಾಟಿರಬಹುದು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಅಕ್ಕಾ, ನಾನೊಂದು ಪಾಪ ಮಾಡಿದೀನಿ."

"ಕೂತ್ಕೊಂಡು ಹೇಳು. ಪಾಪಕ್ಕೆ ನಿಂತೇ ಇರ್ಬೇಕು ಅಂತೇನಿಲ್ಲ."

ಕೂತಳು. ಕುರ್ಚಿಯ ಅಂಚಿನಲ್ಲಿ.

"ನಮ್ ಸ್ಟೋರಿನವರು, ಅದೇ ಸ್ಟೋರ್‌ಕೀಪರ್ರು, ಕಣ್ಣಿನ ಆಪರೇಷನ್‌ಗೆ ಅಂತ ರಜಾ ಹಾಕಿದ್ರು. ಗುರುವಾರ ಸ್ಟೋರ್ ಗುಡಿಸೋಕೆ ಹೋದೆ. ಕಂಪ್ಯೂಟರ್ ಆನ್ ಇತ್ತು. ಅದರಲ್ಲಿ ಕಸದ ಬುಟ್ಟಿ ಚಿತ್ರ ಇರುತ್ತಲ್ಲ... ತುಂಬಿ ತುಳುಕ್ತಾ ಇತ್ತು. ತುಂಬಿದ ಕಸದ ಬುಟ್ಟಿ ನೋಡಿ ಸುಮ್ನಿರೋಕೆ ನನ್ ಕೈಗೆ ಬರಲ್ಲ ಅಕ್ಕಾ. ಮೂವತ್ತು ವರ್ಷದ ಚಾಳಿ. ಅವ್ರು ವಾಪಸ್ ಬಂದಾಗ ಖುಷಿಪಡ್ಲಿ ಅಂತ... ಖಾಲಿ ಮಾಡ್ಬಿಟ್ಟೆ."

"ಅದ್ರಲ್ಲಿ ಏನಿತ್ತು?"

"ಆರು ವರ್ಷದ ಫೋಟೋ! ಎಲ್ಲಾ!"

ನಾನು ಈ ಕೆಲಸದಲ್ಲಿ ಬಹಳ ಮೂರ್ಖತನ ನೋಡಿದ್ದೇನೆ. ರೀಸೈಕಲ್ ಬಿನ್ ಎನ್ನುವ ಆ ಕಸದ ಬುಟ್ಟಿಯಲ್ಲಿ ಆರು ವರ್ಷ ಫೋಟೋ ಜೋಪಾನ ಮಾಡಿದವನನ್ನು ಮಾತ್ರ ನೋಡಿರಲಿಲ್ಲ.

ಆಮೇಲೆ ಆಕೆ ಬಿಡಿಸಿ ಹೇಳಿದಳು. ವರ್ಕ್‌ಶಾಪಿನಲ್ಲಿ ಬಸ್ಸಿನಿಂದ ಬಿಚ್ಚಿದ ಯಾವ ಸಾಮಾನನ್ನೂ ಎಸೆಯುವಂತಿಲ್ಲ. ಚೀಟಿ ಕಟ್ಟಿ ಸ್ಕ್ರ್ಯಾಪ್ ಬಿನ್ನಿಗೆ ಹಾಕಬೇಕು. ಇನ್‌ಸ್ಪೆಕ್ಟರ್ ಬಂದು ಸಹಿ ಹಾಕುವವರೆಗೆ ಅದು ಅಲ್ಲೇ ಭದ್ರ. ಬಿನ್ ಎಂದರೆ ಸ್ಟೋರಿನವರಿಗೆ ಇಡೀ ಡಿಪೋದಲ್ಲೇ ಅತ್ಯಂತ ಕ್ಷೇಮದ ಜಾಗ. ಬಿಚ್ಚಿದ ಸಾಮಾನು ಆ ಬಿನ್ನಿಗೆ. ಅದರ ಫೋಟೋ ಈ ಬಿನ್ನಿಗೆ. ಅವರಿಗೆ ಇದಕ್ಕಿಂತ ಸರಿಯಾದ ಲೆಕ್ಕಾಚಾರ ಇನ್ನೊಂದಿಲ್ಲ!

"ಶನಿವಾರ ಹದಿನೇಳನೇ ನಂಬರ್ ಬಸ್ಸು ಇಳಿಜಾರಲ್ಲಿ ಬ್ರೇಕ್ ಹಿಡೀದೆ ಗೋಡೆಗೆ ಗುದ್ದಿತು. ಹನ್ನೊಂದು ಜನಕ್ಕೆ ಪೆಟ್ಟು. ಡ್ರೈವರ್ ಕಾಲು ಮುರೀತು. ಸ್ಟೋರಿನವ್ರೇ ಹರಿದ ಬ್ರೇಕ್ ಪೈಪ್ ಕೊಟ್ರು ಅಂತ ಫೋರ್‌ಮನ್ ಬರೆದ್ಕೊಟ್ಟಿದಾನೆ. ಅವ್ರನ್ನ ಸಸ್ಪೆಂಡ್ ಮಾಡಿದಾರೆ. ನಾಳೆ ಮೂರು ಗಂಟೆಗೆ ವಿಚಾರಣೆ. ಆಮೇಲೆ ಪೊಲೀಸಂತೆ."

"ನಿಜ ಏನು?"

"ಆ ಪೈಪ್‌ನ ಅವ್ರು ಸೋಮವಾರವೇ ಸ್ಕ್ರ್ಯಾಪಿಗೆ ಹಾಕಿದ್ರು. ಮಂಗಳವಾರ ಫೋರ್‌ಮನ್ ಬಂದು, ಹೊಸದು ಬರೋವರ್ಗೂ ಇದೇ ಓಡ್ಲಿ ಅಂತ ಎತ್ಕೊಂಡು ಹೋದ. ಸ್ಕ್ರ್ಯಾಪಿಂದ ಏನ್ ತಗೊಂಡ್ರೂ ಬಸ್ ನಂಬರ್, ತಾರೀಖು ಬರೆದ ಸ್ಲೇಟ್ ಪಕ್ಕ ನಿಂತು ಫೋಟೋ ತೆಗಿಸ್ಕೋಬೇಕು, ಅದು ಸ್ಟೋರಿನವರ ರೂಲು. ಅವನೂ ನಗ್ತಾ ನಿಂತ. ಆ ಫೋಟೋ ಯಾರೂ ನೋಡಲ್ಲ ಅಂತ ಅವನಿಗೆ ಗೊತ್ತಲ್ಲ! ನಾನೇ ಸ್ಲೇಟ್ ಹಿಡ್ಕೊಂಡಿದ್ದೆ ಅಕ್ಕಾ. ಆದ್ರೆ ಆಯಾ ಮಾತಿಗೆ ಯಾರು ಬೆಲೆ ಕೊಡ್ತಾರೆ?"

ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಹೇಳಿದಳು. "ಎಲ್ರೂ ನನ್ನ ಏ ಆಯಾ ಅಂತಾರೆ. ಅವ್ರೊಬ್ರೇ ಆಯಾ ಅವರೇ ಅನ್ನೋದು. ನಾನು ಬಸ್ ತೊಳೆಯೋ ಜಾಗದ ಹಿಂದೆ ಒಬ್ಳೇ ಊಟ ಮಾಡ್ತಿದ್ದೆ. ಒಂದಿನ ನೋಡ್ತೀನಿ, ಸ್ಟೋರಲ್ಲಿ ಎರಡನೇ ಸ್ಟೂಲ್ ತಂದಿಟ್ಟಿದಾರೆ. ಬಾಯಿಬಿಟ್ಟು ಏನೂ ಹೇಳ್ಲಿಲ್ಲ. ನಾನು ಅಳಿಸಿದ್ದು ಅಂತ ಅವ್ರಿಗೆ ಹೇಳ್ಬೇಡಿ ಅಕ್ಕಾ. ಆ ಸ್ಟೂಲ್ ಹೋಗ್ಬಿಡುತ್ತೆ."

ಹೇಳುವುದಿಲ್ಲ ಎಂದೆ. ಮಾತು ಕೊಟ್ಟರೆ ಕೊಟ್ಟ ಹಾಗೆ.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಆಕೆಯ ಫೋನ್. ದರ್ಜಿಯ ಮೆಷಿನ್ ನಿಂತಿತು.

"ಅಕ್ಕಾ! ಫೋರ್‌ಮನ್ ಸ್ಟೋರ್ ಕಂಪ್ಯೂಟರಿಗೆ ಸಿನಿಮಾ ತುಂಬಿಸ್ತಾ ಇದಾನೆ! ಒಂದಲ್ಲ, ರಾಶಿ!"

ಅಳಿಸಿದ ಫೋಟೋ ಮತ್ತೆ ಎದ್ದು ಬರದಂತೆ ಮಾಡುವ ಗುಟ್ಟನ್ನು ಯಾರೋ ಅವನಿಗೆ ಹೇಳಿಕೊಟ್ಟಿದ್ದರು. ಕೇಳಿ, ಫೋಟೋ ಅಳಿಸುವುದೆಂದರೆ ಮನೆಯ ಬಾಗಿಲಿನ ಹೆಸರಿನ ಹಲಗೆ ಕಿತ್ತ ಹಾಗೆ. ಒಳಗಿದ್ದವರು ಒಳಗೇ ಇರುತ್ತಾರೆ... ಹೊಸ ಬಾಡಿಗೆಯವರು ಬಂದು ಸಾಮಾನು ಇಳಿಸುವವರೆಗೆ! ಒಂದೊಂದು ಸಿನಿಮಾ ಒಳಗೆ ಬಂದಂತೆ ಸಾವಿರ ಫೋಟೋ ಬೀದಿಪಾಲು.

ನಾನು ಡಿಪೋದ ಸ್ಟೋರಿಗೆ ಹೋದಾಗ ಫೋರ್‌ಮನ್ ಅಲ್ಲಿರಲಿಲ್ಲ, ಸ್ಕ್ರೀನಿನಲ್ಲಿ ಸಿನಿಮಾ ಇಳಿಯುವ ಹಸಿರು ಪಟ್ಟಿ ಮಾತ್ರ ಓಡುತ್ತಿತ್ತು. ನೂರಕ್ಕೆ ಮೂವತ್ತೆಂಟು. ಕೀಬೋರ್ಡ್ ಮುಟ್ಟಲಿಲ್ಲ. ಶಟ್‌ಡೌನ್ ಮಾಡಲಿಲ್ಲ. ಮಾಡಿದರೆ ಆಗಲೂ ಅದು ಏನಾದರೂ ಗೀಚುತ್ತದೆ. ಸೀದಾ ಗೋಡೆಯ ಪ್ಲಗ್ಗನ್ನೇ ಕಿತ್ತೆ!

ಆಮೇಲೆ ಸ್ಕ್ರೂಡ್ರೈವರ್. ಆಮೇಲೆ ಗೂಳಿ. ಅಲ್ಲಿಂದ ಮುಂದೆ ನಿಮಗೆ ಗೊತ್ತು.

ಡಿಪೋ ಗೇಟಿನ ಹೊರಗೆ ನನ್ನ ಸ್ಕೂಟರ್. ಮುಂದಿನ ಕೊಕ್ಕೆಯಲ್ಲಿ ಊಟದ ಕ್ಯಾರಿಯರ್, ಟವೆಲಿನಲ್ಲಿ ಎರಡು ಸುತ್ತು ಸುತ್ತಿ ಗಂಟು ಹಾಕಿದ್ದು. ಕಿಕ್ ಹೊಡೆದೆ.

ಹಿಂದೆ ಬೈಕಿನ ಸದ್ದು ಕೇಳಿಸಿತು. ಗೂಳಿ ಓಡಿಸುತ್ತಿದ್ದ. ಅವನ ಬೆನ್ನಿಗೆ ಅಂಟಿ ಕುಳಿತವನು ಫೋರ್‌ಮನ್.

"ನಿಲ್ಸೇ ಮುದುಕಿ!"

ನಾನು ವೇಗ ಹೆಚ್ಚಿಸಿದೆನೆ? ಇಲ್ಲ! ಹದಿನೈದು ಕಿಲೋಮೀಟರ್. ಗುಂಡಿ ಕಂಡರೆ ಹತ್ತು. ರಸ್ತೆಯ ಒಂದೊಂದು ಬಿರುಕನ್ನೂ ಬಳಸಿಕೊಂಡು ಹೋದೆ, ಮಡಿಲಲ್ಲಿ ಹಸುಗೂಸು ಮಲಗಿದ ಹಾಗೆ. ಹಳೆಯ ಡಿಸ್ಕಿಗೆ ಪೆಟ್ಟು ಬಿದ್ದರೆ ಮುಗಿಯಿತು, ಇದು ಫೋರ್‌ಮನ್‌ಗೂ ಗೊತ್ತಿತ್ತು.

ಮುಂದೆ ದೊಡ್ಡ ಹಂಪ್ ಬಂತು.

ಸ್ಕೂಟರಿನಿಂದ ಇಳಿದೆ. ಒಂದು ಕೈಯಲ್ಲಿ ಕ್ಯಾರಿಯರ್ ಎತ್ತಿ ಹಿಡಿದು ಸ್ಕೂಟರನ್ನು ಹಂಪ್ ದಾಟಿಸಿ ತಳ್ಳಿದೆ! ಬೆನ್ನಟ್ಟಿ ಬರುವವರಿದ್ದಾಗ ಹಂಪ್ ಕಂಡು ಗಾಡಿಯಿಂದ ಇಳಿದವಳನ್ನು ಆ ರಸ್ತೆ ಅದುವರೆಗೆ ಕಂಡಿರಲಿಕ್ಕಿಲ್ಲ.

"ಅದ್ರಲ್ಲೇ ಇದೆ! ಡಬ್ಬಿ ಹಿಡಿಯೋ!" ಫೋರ್‌ಮನ್ ಕಿರುಚಿದ.

ಮುಚ್ಚಿದ ಟೈರ್ ಅಂಗಡಿಯ ಮುಂದೆ ಬೈಕು ಅಡ್ಡ ಬಂತು. ಫೋರ್‌ಮನ್ ಇಳಿದ. ಒಗೆದ ಶರ್ಟು, ಜೇಬಿನಲ್ಲಿ ಎರಡು ಪೆನ್ನು, ಹಲ್ಲಿನ ತುಂಬ ನಗು. ಕ್ಯಾರಿಯರ್ ಕಿತ್ತುಕೊಂಡ. ಗಂಟು ಬಿಚ್ಚಿದ.

ಮೊದಲನೇ ಡಬ್ಬಿ... ಅನ್ನ.

ಎರಡನೇ ಡಬ್ಬಿ... ಹುರುಳಿಕಾಯಿ.

ಮೂರನೇ ಡಬ್ಬಿ... ಖಾಲಿ. ಅದು ಯಾವಾಗಲೂ ಖಾಲಿಯೇ. ಮೂರು ಡಬ್ಬಿ ತುಂಬುವಷ್ಟು ಅಡುಗೆ ನಾನು ಯಾರಿಗಾಗಿ ಮಾಡಲಿ?

"ಡಿಸ್ಕ್ ಎಲ್ಲಿ?"

"ಯಾವ ಡಿಸ್ಕು?"

"ಮತ್ತ್ಯಾಕೆ ಆಮೆ ಹಂಗೆ ಹೋಗ್ತಿದ್ದೆ?"

"ಸಾರು ಚೆಲ್ಲುತ್ತೆ ಅಂತ."

"ಸಾರೇ ಇಲ್ವಲ್ಲ ಇದ್ರಲ್ಲಿ!"

"ಹೌದಾ? ವಯಸ್ಸಾಯ್ತು ನೋಡಪ್ಪ. ಮರೆವು."

ಅವನ ನಗು ಆರಿಹೋಯಿತು. ಮುಖವನ್ನು ನನ್ನ ಮುಖದ ಹತ್ತಿರ ತಂದ.

"ಒಬ್ಳೇ ಇರ್ತೀಯಂತೆ ದರ್ಜಿ ಅಂಗಡಿ ಮೇಲೆ. ಬಿದ್ರೆ ಎತ್ತೋಕೂ ಯಾರಿಲ್ವಂತೆ. ಯೋಚ್ನೆ ಮಾಡು."

"ಯೋಚ್ನೆ ಮಾಡೋಕೇ ಅಲ್ಲಿರೋದು ನಾನು. ಬೇರೇನು ಕೆಲ್ಸ?"

ಬಾಯಲ್ಲಿ ಹಾಗೆಂದೆ. ಆದರೆ ಮಾತು ನಾಟಿತು. ಸುಳ್ಳು ಹೇಳಿ ಹೆದರಿಸುವವರು ಬಹಳ ಜನ. ನಿಜ ಹೇಳಿ ಹೆದರಿಸುವವನ ಮುಂದೆ ಬೆನ್ನು ನೆಟ್ಟಗಿಟ್ಟು ನಿಲ್ಲುವುದು ಕಷ್ಟ.

ಅವನಿಗೆ ತಟ್ಟನೆ ಹೊಳೆಯಿತು. "ಆ ಆಯಾ! ಡಿಪೋಗೆ ತಿರುಗ್ಸೋ!" ಎನ್ನುತ್ತ ಡಬ್ಬಿಗಳನ್ನು ಕಾಲಿನಿಂದ ಒದ್ದು ಬೈಕಿನತ್ತ ಓಡಿದ.

ಗೂಳಿ ಮಾತ್ರ ಒಂದು ಗಳಿಗೆ ನಿಂತ. ಬಗ್ಗಿದ. ಬೆನ್ನು ನೋಯುತ್ತಿತ್ತೇನೋ, ಮುಖ ಕಿವುಚಿದ. ಅನ್ನದ ಡಬ್ಬಿಗೆ ಮುಚ್ಚಳ ಒತ್ತಿ, ಮಣ್ಣು ಒರೆಸಿ, ನನ್ನ ಕೈಗೆ ಕೊಟ್ಟ.

"ಊಟ ಚೆಲ್ಬಾರ್ದು ಅಜ್ಜಿ," ಎಂದ. ಅಷ್ಟೇ. ಹೋದ.

ಕಿವಿಯ ಪಕ್ಕ ಸ್ಪ್ಯಾನರ್ ಎಸೆದ ಕೈಯೂ ಅದೇ. ಮನುಷ್ಯನನ್ನು ಯಾವ ಫೋಲ್ಡರಿಗೆ ಹಾಕುವುದು ಹೇಳಿ!

ಅವರು ಹೋಗುವ ಹೊತ್ತಿಗೆ ಆಯಾ ಡಿಪೋದಲ್ಲಿ ಇರಲಿಲ್ಲ. ಗೇಟಿನವನು ಎಲ್ಲರ ಬ್ಯಾಗನ್ನೂ ಬಿಚ್ಚಿಸುತ್ತಾನೆ. ಒರೆಸುವ ಬಟ್ಟೆಯ ಬಕೆಟ್ ಕಂಡರೆ ಮೂಗು ಮುಚ್ಚಿಕೊಂಡು ಆ ಕಡೆ ತಿರುಗುತ್ತಾನೆ. ಆಕೆಗೆ ಎರಡು ಬಕೆಟ್. ಒಂದರಲ್ಲಿ ಸೋಪಿನ ನೀರು. ಇನ್ನೊಂದರಲ್ಲಿ ಒಣ ಬಟ್ಟೆ... ಬಟ್ಟೆಯ ಕೆಳಗೆ ಆರು ವರ್ಷದ ಫೋಟೋ.

ನಾನು ಕೋಣೆಗೆ ಬಂದಾಗ ಆಕೆ ಕೆಳಗಿನ ಮೆಟ್ಟಿಲ ಮೇಲೆ ಬಕೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಒಂದು ಲೋಟ ನೀರು. ದರ್ಜಿ ಇಟ್ಟುಹೋಗಿದ್ದನಂತೆ. ಯಾರು, ಯಾಕೆ, ಒಂದನ್ನೂ ಕೇಳಲಿಲ್ಲವಂತೆ.

ಮೇಲೆ ಹೋಗಿ ಬಾಗಿಲಿಗೆ ಚಿಲಕ ಹಾಕಿದೆ. ಡಿಸ್ಕನ್ನು ನನ್ನ ಪೆಟ್ಟಿಗೆಗೆ ಜೋಡಿಸಿದೆ. ಆ ಪೆಟ್ಟಿಗೆ ಓದುತ್ತದೆ, ಒಂದಕ್ಷರವನ್ನೂ ಬರೆಯುವುದಿಲ್ಲ. ಹನ್ನೊಂದು ಗಂಟೆ. ಹುಡುಕಾಟ ಶುರು.

ಹನ್ನೆರಡು. ಸ್ಕ್ರೀನ್ ತುಂಬ ಬೂದು ಬಣ್ಣದ ಚೌಕಗಳು. ಸತ್ತ ಫೋಟೋಗಳು. ಸಿನಿಮಾ ನುಂಗಿ ಹಾಕಿದವು.

ಒಂದು ಗಂಟೆ. ಒಂದು ಗೇರ್ ಎದ್ದು ಬಂತು! ಒಂದು ಸವೆದ ಬೆಲ್ಟ್. ಒಂದು ಪಂಪ್. ಪ್ರತಿ ಫೋಟೋದಲ್ಲೂ ಸಾಮಾನಿನ ಪಕ್ಕ ಒಂದು ಸ್ಲೇಟು, ಸೀಮೆಸುಣ್ಣದಲ್ಲಿ ಬಸ್ಸಿನ ನಂಬರ್, ತಾರೀಖು. ಕ್ಯಾಮೆರಾದ ತಾರೀಖು ಕೆಟ್ಟುಹೋಗಿತ್ತು, ಅದಕ್ಕೇ ಸ್ಲೇಟು.

ಮೊದಲ ವರ್ಷಗಳ ಫೋಟೋದಲ್ಲಿ ಸ್ಲೇಟು ಗೋಡೆಯ ಒಂದು ಮೊಳೆಗೆ ನೇತಾಡುತ್ತಿತ್ತು. ಆಮೇಲಿನ ಮೂರು ವರ್ಷ ಅದನ್ನು ಹಿಡಿದದ್ದು ಒಂದು ಹೆಂಗಸಿನ ಕೈ.

"ಅಯ್ಯೋ, ನನ್ ಕೈ ಎಷ್ಟು ಒಡೆದಿದೆ ನೋಡಿ ಅಕ್ಕಾ!" ಆಯಾ ನಾಚಿಕೊಂಡಳು.

ನಾನು ಕೈ ನೋಡುತ್ತಿರಲಿಲ್ಲ. ಹಿಂದಿನ ಗೋಡೆ ನೋಡುತ್ತಿದ್ದೆ.

ಮೊಳೆ ಅಲ್ಲೇ ಇತ್ತು. ಗಟ್ಟಿಯಾಗಿಯೇ ಇತ್ತು.

ಮೂರು ವರ್ಷದಿಂದ, ಆಕೆ ಇಲ್ಲದಿದ್ದರೂ ನಡೆಯುವ ಕೆಲಸಕ್ಕೆ ಅವರು ದಿನವೂ ಆಕೆಯನ್ನು ಕರೆದಿದ್ದರು. ನಾನು ಮುಂದಿನ ಫೋಟೋಗೆ ಹೋದೆ. ಇಂಥ ಫೋಟೋ ನೋಡಿದ ದಿನ ನನ್ನ ಕೋಣೆಯ ಫ್ಯಾನು ಸ್ವಲ್ಪ ಜೋರಾಗಿ ಸದ್ದು ಮಾಡುತ್ತದೆ.

ಎರಡೂ ಕಾಲು. ಬಂತು!

ಫೋರ್‌ಮನ್. ಹಲ್ಲು ಬಿಟ್ಟುಕೊಂಡು. ಹೆಗಲ ಮೇಲೆ ಎತ್ತಿ ಹಿಡಿದ ಬ್ರೇಕ್ ಪೈಪು, ಅದರ ಬಿರುಕು ಉಗುರು ತೂರುವಷ್ಟು. ಎದೆಯವರೆಗೆ ಸ್ಪಷ್ಟವಾಗಿತ್ತು. ಅದರಿಂದ ಕೆಳಗೆ... ಬೂದು.

ಸ್ಲೇಟು ಇದ್ದದ್ದು ಕೆಳಗೆ.

ಮೂರು ಗಂಟೆ. ವಿಚಾರಣೆಯ ಕೋಣೆ. ಅಧಿಕಾರಿ ಮೇಡಂಗೆ ನೆಗಡಿ. ಕಣ್ಣಿಗೆ ಕಪ್ಪು ಕನ್ನಡಕ ಹಾಕಿ ನೆಟ್ಟಗೆ ಕೂತವರು ಸ್ಟೋರಿನವರು. ತೆಳ್ಳನೆಯ ಮನುಷ್ಯ, ಒಂಟಿ ಬದುಕಿನ ಇಸ್ತ್ರಿ, ಕಾಲರಿನ ಒಂದೇ ಕಡೆ ಸರಿಯಾಗಿ ಕೂತಿತ್ತು. ಆಯಾ ಬಾಗಿಲ ಹೊರಗೆ ನಿಂತಳು.

"ಈ ಡಿಸ್ಕ್ ನಿಮ್ಮ ಕೈಗೆ ಹೇಗೆ ಬಂತು?" ಮೇಡಂ ಕೇಳಿದರು.

"ಬಕೆಟಲ್ಲಿ, ಮೇಡಂ."

ನನ್ನನ್ನೇ ನೋಡಿದರು. ಸೀನಿದರು. "ಅದನ್ನ ಆಮೇಲೆ ಕೇಳ್ತೀನಿ. ತೋರಿಸಿ."

ತೋರಿಸಿದೆ.

ಫೋರ್‌ಮನ್ ಗಹಗಹಿಸಿ ನಕ್ಕ. "ಮೇಡಂ, ನಾನು ದಿನಾ ನೂರು ಪೈಪ್ ಹಿಡೀತೀನಿ! ಯಾವ ಬಸ್ಸು? ಯಾವ ದಿನ? ಅರ್ಧ ಫೋಟೋಗೆ ಅರ್ಧ ಬೆಲೇನೂ ಇಲ್ಲ!"

ಸ್ಟೋರಿನವರ ಮುಖ ಬಿಳಿಚಿತು.

"ಇರಪ್ಪ," ಎಂದೆ. "ಪ್ರತಿ ಫೋಟೋ ತನ್ನ ತಲೆಯೊಳಗೆ ತನ್ನದೇ ಒಂದು ಪುಟ್ಟ ಪ್ರತಿ ಇಟ್ಕೊಂಡಿರುತ್ತೆ. ಅಂಚೆಚೀಟಿಯಷ್ಟು. ಪಟ್ಟಿಯಲ್ಲಿ ಬೇಗ ತೋರಿಸೋಕೆ ಅಂತ ಕ್ಯಾಮೆರಾ ಮಾಡೋದು. ಕಾಲು ಹೋದ್ರೂ ಇದರ ತಲೆ ಉಳಿದಿದೆ."

ಅದನ್ನು ತೆರೆದೆ. ಅಂಚೆಚೀಟಿಯಷ್ಟೇ. ಆದರೆ ಇಡಿಯದು! ಪುಟ್ಟ ಫೋರ್‌ಮನ್, ಪುಟ್ಟ ಪೈಪು, ಒಂದು ಕೈ, ಆ ಕೈಯಲ್ಲಿ ಸ್ಲೇಟು. ಸ್ಟೋರಿನವರ ಅಕ್ಷರ ದೊಡ್ಡದು, ಪುಣ್ಯ. ಮೇಡಂ ಕನ್ನಡಕ ಏರಿಸಿ ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗಿದರು.

"ಹದಿನೇಳು," ಎಂದರು. ಆಮೇಲೆ ತಾರೀಖು ಓದಿದರು. ಮಂಗಳವಾರದ್ದು.

ಫೋರ್‌ಮನ್ ಬೆವರಿದ. ಆದರೂ ಬಿಡುವವನಲ್ಲ. "ಹಂಗಾದ್ರೆ ಇದನ್ನ ಅಳಿಸಿದ್ಯಾರು? ಇವನೇ! ಮೊದ್ಲು ಅಳಿಸೋದು, ಆಮೇಲೆ ಈ ಮುದುಕಿ ಕೈಲಿ ಬೇಕಾದ ಹಾಗೆ ಹೊಸದು ಮಾಡ್ಸೋದು!"

ಮೇಡಂ ಸ್ಟೋರಿನವರ ಕಡೆ ತಿರುಗಿದರು. "ಹೇಳಿ. ಅಳಿಸಿದ್ಯಾರು?"

"ನಾನೇ." ತಡವೇ ಮಾಡಲಿಲ್ಲ. "ಕೈತಪ್ಪಿ."

"ಯಾವತ್ತು?"

"ಗುರುವಾರ."

"ಗುರುವಾರ ಇವನು ಕಣ್ಣಾಸ್ಪತ್ರೆಲಿ ಮಲಗಿದ್ದ!" ಫೋರ್‌ಮನ್ ಮೇಜು ಗುದ್ದಿದ. "ನೋಡಿ ಮೇಡಂ, ಬಾಯಿ ಬಿಟ್ರೆ ಸುಳ್ಳು! ಇವನ ಸ್ಲೇಟ್ ನಂಬ್ತೀರಾ?"

 ಮೇಡಂ ನನ್ನನ್ನು ನೋಡಿದರು.

"ನಿಮಗೆ ಗೊತ್ತಿರ್ಬೇಕಲ್ಲ?"

ಗೊತ್ತಿತ್ತು. ಹೇಳಿದರೆ ಕೊಟ್ಟ ಮಾತು ಹೋಗುತ್ತದೆ. ಹೇಳದಿದ್ದರೆ ಮನುಷ್ಯನೇ ಹೋಗುತ್ತಾನೆ. ಬಾಯಿ ತೆರೆದೆ...

"ನಾನಮ್ಮಾ!"

ಬಾಗಿಲಲ್ಲಿ ಆಯಾ. ಸೆರಗನ್ನು ಎರಡೂ ಮುಷ್ಟಿಯಲ್ಲಿ ಹಿಡಿದಿದ್ದಳು.

"ಕಸ ಅನ್ಕೊಂಡೆ. ಖಾಲಿ ಮಾಡ್ದೆ. ಅವ್ರದ್ದೇನೂ ತಪ್ಪಿಲ್ಲ. ಆ ಸ್ಲೇಟ್ ಹಿಡ್ಕೊಂಡಿದ್ದೂ ನಾನೇ. ಇದು ಅದೇ ಕೈ, ನೋಡ್ಕೊಳಿ."

ಒಡೆದ ಕೈಯನ್ನು ಮೇಜಿನ ಮೇಲಿಟ್ಟಳು. ಸ್ಟೋರಿನವರ ಕಡೆ ತಿರುಗಲು ಮಾತ್ರ ಆಕೆಗೆ ಧೈರ್ಯ ಬರಲಿಲ್ಲ.

ಅವರು ಕಪ್ಪು ಕನ್ನಡಕ ತೆಗೆದರು. ಕಣ್ಣು ಕೆಂಪಗಿತ್ತು, ನೀರಾಡುತ್ತಿತ್ತು. ಆಪರೇಷನ್ ಆದ ಕಣ್ಣು, ಬಿಡಿ.

"ಗೊತ್ತಿತ್ತು, ಆಯಾ ಅವರೇ," ಎಂದರು. "ನೆಲ ಫಳಫಳ ಅಂತಿತ್ತಲ್ಲ."

ತೀರ್ಪು ನಾಲ್ಕೇ ಸಾಲು. ಫೋರ್‌ಮನ್ ಸಸ್ಪೆಂಡ್, ಅವನ ಫೈಲು ಪೊಲೀಸಿಗೆ. ಸ್ಟೋರಿನವರು ನಿರ್ದೋಷಿ, ಕೆಟ್ಟ ಪೈಪು ಹೊರಗೆ ಹೋಗಲು ಬಿಟ್ಟದ್ದಕ್ಕೆ ಒಂದು ಎಚ್ಚರಿಕೆ. ಆಯಾ, ಕಚೇರಿಯ ಕಂಪ್ಯೂಟರ್ ಮುಟ್ಟಿದ್ದಕ್ಕೆ, ಊರಾಚೆಯ ಡಿಪೋಗೆ ವರ್ಗ. ನಾಳೆಯಿಂದಲೇ.

ನಿಯಮ ನಿಯಮವೇ ಎಂದರು ಮೇಡಂ. ಹೇಳುವಾಗ ಕಾಗದ ನೋಡಿಕೊಂಡೇ ಹೇಳಿದರು.

ನಾನು ಕೋಣೆಗೆ ಬಂದೆ. ಆರು ವರ್ಷದ ಗೇರು, ಬೆಲ್ಟು, ಪಂಪು, ಆ ಕೈ... ನನ್ನಲ್ಲಿದ್ದ ಕಾಪಿ ಎಲ್ಲವನ್ನೂ ಅಳಿಸಿದೆ. ನಿಯಮ ನನಗೂ ಉಂಟಲ್ಲ. ತಣ್ಣಗಾದ ಅನ್ನ ತಿಂದೆ.

ಮರುದಿನ ಬೆಳಗ್ಗೆ ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆ. ಸ್ಟೋರಿನವರು.

"ಮೇಡಂ, ಕಣ್ಣು ಇನ್ನೂ ಮಂಜು. ಒಂದು ಅರ್ಜಿ ಟೈಪ್ ಮಾಡ್ಕೊಡ್ತೀರಾ? ವರ್ಗಾವಣೆಗೆ."

"ಎಲ್ಲಿಗೆ?"

"ಊರಾಚೆ ಡಿಪೋಗೆ."

ನಾನು ಟೈಪ್ ಮಾಡುತ್ತ ಹೋದೆ. ಕೊನೆಯ ಕಾಲಮ್ಮಿಗೆ ಬಂದು ನಿಂತೆ.

"ಕಾರಣ ಅಂತ ಕೇಳಿದಾರೆ. ಏನು ಬರೀಲಿ?"

ಕಾಲರ್ ಸರಿಮಾಡಿಕೊಂಡರು. ಕಿವಿಯ ತುದಿ ಕೆಂಪಾಯಿತು.

"ಅಲ್ಲಿ... ಸ್ಕ್ರ್ಯಾಪ್ ಜಾಸ್ತಿ ಬೀಳುತ್ತೆ, ನೋಡ್ಕೊಳ್ಳೋಕೆ ಅನುಭವಸ್ಥರು ಬೇಕು ಅಂತ ಬರೀರಿ."

"ಜಾಸ್ತಿ ಬೀಳುತ್ತಾ?"

"ಗೊತ್ತಿಲ್ಲ. ನಾನು ಆ ಡಿಪೋ ನೋಡೇ ಇಲ್ಲ."

ಇಷ್ಟು ವರ್ಷದಲ್ಲಿ ಸುಳ್ಳು ಕಾಗದ ಹುಟ್ಟಿಸಿದ ಹದಿನಾಲ್ಕು ಜನರನ್ನು ಜೈಲಿಗೆ ಕಳಿಸಿದ್ದೇನೆ... ಆವತ್ತು ಒಂದನ್ನು ನಾನೇ ಟೈಪ್ ಮಾಡಿ, ಮೂರು ಪ್ರತಿ ತೆಗೆದು, ಪಿನ್ ಹೊಡೆದು ಕೊಟ್ಟೆ!